ಎರಡು ಕೈ ಬೇಕಿದ್ದ ಕೀಲಿ

ಕುಕ್ ಟೌನ್‌ನ ನಮ್ಮ ಬೀದಿಯಲ್ಲಿ ಈಗ ಎಷ್ಟೋ ಮನೆಗಳ ಊಟದ ಮೇಜೇ ಆಫೀಸು. ಒಂದು ತುದಿಯಲ್ಲಿ ಲ್ಯಾಪ್‌ಟಾಪ್, ಇನ್ನೊಂದು ತುದಿಯಲ್ಲಿ ಮಕ್ಕಳ ಹೋಮ್‌ವರ್ಕ್, ನಡುವೆ ಸಾರಿನ ಪಾತ್ರೆ. ಕೀಬೋರ್ಡಿಗೆ ನಮ್ಮ ಬೆರಳು ಮಾತ್ರ ತಾಗುತ್ತೆ ಅನ್ನೋ ಹಾಗಿಲ್ಲ. ಮಗುವಿನ ಅಂಗೈ, ಬೆಕ್ಕಿನ ಕಾಲು, ಮೇಲಿಟ್ಟ ಫೈಲು, ಯಾವುದಾದರೂ ಸಾಕು. ಸ್ಕ್ರೀನ್ ಕಪ್ಪು! ಸೇವ್ ಮಾಡದ ಕೆಲಸ ಹೋಯ್ತು.

ಈ ತಲೆನೋವು ಹಳೆಯದೇ. 1981ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿಗೆ ರೀಬೂಟ್ ಮಾಡುವ ಕೀಲಿಗಳನ್ನು ಸೇರಿಸಿದವರು ಡೇವಿಡ್ ಬ್ರ್ಯಾಡ್ಲಿ ಎಂಬ ಎಂಜಿನಿಯರ್. ಅವರು ಮೊದಲು ಆರಿಸಿದ್ದು ಕಂಟ್ರೋಲ್, ಆಲ್ಟ್, ಎಸ್ಕೇಪ್. ಮೂರೂ ಎಡಗಡೆ ಇದ್ದದ್ದರಿಂದ ಕೈ ತಾಗಿದರೂ ಯಂತ್ರ ರೀಬೂಟ್ ಆಗಿಬಿಡುತ್ತಿತ್ತು. ಅದಕ್ಕೇ ಎಸ್ಕೇಪ್ ಬಿಟ್ಟು ಬಲತುದಿಯ ಡಿಲೀಟ್ ತಂದರು. ಬೇಕೆಂದೇ ಎರಡು ಕೈ ಬಳಸಿದರೆ ಮಾತ್ರ ರೀಬೂಟ್. ಬಳಸುವವರಿಗೆ 'ಹುಷಾರು' ಅಂತ ಹೇಳುವ ಬದಲು ಕೀಲಿಯನ್ನೇ ದೂರ ಇಟ್ಟರು ನೋಡಿ, ಅದು ಜಾಣತನ.

ಇಂದಿನ ಲ್ಯಾಪ್‌ಟಾಪ್‌ಗಳು ಆ ಪಾಠ ಮರೆತಂತಿವೆ. ಎಷ್ಟೋ ಮಾಡೆಲ್‌ಗಳಲ್ಲಿ ಪವರ್ ಬಟನ್ ಡಿಲೀಟ್ ಪಕ್ಕದಲ್ಲೇ ಇದೆ, ಅದೂ ಅದೇ ಆಕಾರದಲ್ಲಿ. ನಮ್ಮ ಪಕ್ಕದ ಮನೆಯಲ್ಲಿ ಆರು ವರ್ಷದ ಹುಡುಗಿ ಇದನ್ನು ಒತ್ತಿ, ಅಪ್ಪನ ವಿಡಿಯೋ ಮೀಟಿಂಗ್ ನಡುವೆಯೇ ನಿಂತು, ಬೈಸಿಕೊಂಡು ಅಳುತ್ತಿತ್ತು. ನಾನು ಹೋಗಿ ಒಂದು ಸೆಟ್ಟಿಂಗ್ ಬದಲಿಸಿದೆ. ಎರಡು ನಿಮಿಷದ ಕೆಲಸ.

ವಿಂಡೋಸ್ ಇದ್ದರೆ ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಪವರ್ ಆಪ್ಷನ್ಸ್ ತೆರೆಯಿರಿ. 'ಚೂಸ್ ವಾಟ್ ದ ಪವರ್ ಬಟನ್ಸ್ ಡೂ' ಒತ್ತಿ, ಪವರ್ ಬಟನ್ ಎದುರು 'ಡೂ ನಥಿಂಗ್' ಆರಿಸಿ. ಬ್ಯಾಟರಿಗೆ ಒಂದು, ಚಾರ್ಜರಿಗೆ ಒಂದು ಅಂತ ಎರಡು ಕಾಲಂ ಇರುತ್ತೆ, ಎರಡನ್ನೂ ಬದಲಿಸಿ. ಸ್ಲೀಪ್ ಬಟನ್ನಿಗೂ ಅಲ್ಲೇ ಇದೇ ಮದ್ದು. ಉಬುಂಟುವಿನಲ್ಲಿ ಸೆಟ್ಟಿಂಗ್ಸ್‌ನ ಪವರ್ ಪುಟದಲ್ಲಿ ಇದೇ ಆಯ್ಕೆ ಸಿಗುತ್ತೆ. ಯಂತ್ರ ಹ್ಯಾಂಗ್ ಆದಾಗ ಏನು ಗತಿ ಅಂತೀರಾ? ಬಟನ್ನನ್ನು ಹಲವು ಸೆಕೆಂಡು ಒತ್ತಿ ಹಿಡಿದರೆ ಆಗಲೂ ಆಫ್ ಆಗುತ್ತೆ.

ಸರ್ವರ್ ನೋಡಿಕೊಳ್ಳುವವರಿಗೆ ಇನ್ನೊಂದು ಮಾತು. ವಿಂಡೋಸ್‌ನಲ್ಲಿ ಕಂಟ್ರೋಲ್-ಆಲ್ಟ್-ಡಿಲೀಟ್ ಒತ್ತಿದರೆ ಲಾಗಿನ್ ಅಥವಾ ಮೆನು ಬರುತ್ತೆ, ಅಷ್ಟೇ. ಲಿನಕ್ಸ್‌ನ ಕಪ್ಪು ಕನ್ಸೋಲ್‌ನಲ್ಲಿ ಅದೇ ಮೂರು ಕೀಲಿ ಒತ್ತಿದರೆ ಸಾಮಾನ್ಯವಾಗಿ ಸರ್ವರ್ರೇ ರೀಬೂಟ್ ಆಗುತ್ತೆ. ಒಂದೇ ಮಾನಿಟರ್, ಕೀಬೋರ್ಡಿಗೆ ಎರಡೂ ಬಗೆಯ ಸರ್ವರ್ ಜೋಡಿಸಿದ ಕಡೆ, ಲಾಗಿನ್ ಆಗಲು ಹೋದ ಅಭ್ಯಾಸದ ಬೆರಳು ಸಾವಿರಾರು ಗ್ರಾಹಕರ ಸೇವೆ ನಿಲ್ಲಿಸಬಹುದು. ಸಿಸ್ಟಮ್‌ಡಿ ಇರುವ ಲಿನಕ್ಸ್‌ನಲ್ಲಿ 'ಕಂಟ್ರೋಲ್-ಆಲ್ಟ್-ಡೆಲ್ ಟಾರ್ಗೆಟ್' ಅನ್ನುವುದನ್ನು ಮಾಸ್ಕ್ ಮಾಡಿದರೆ ಇದು ನಿಲ್ಲುತ್ತೆ. ಆದರೆ 2 ಸೆಕೆಂಡಿನಲ್ಲಿ 7ಕ್ಕಿಂತ ಹೆಚ್ಚು ಸಲ ಒತ್ತಿದರೆ ತಕ್ಷಣ ರೀಬೂಟ್ ಆಗುವ ಇನ್ನೊಂದು ದಾರಿಯೂ ಇದೆ. ಅದಕ್ಕೆ ಸಿಸ್ಟಮ್ ಕಾನ್ಫ್ ಫೈಲಿನಲ್ಲಿ 'ಬರ್ಸ್ಟ್ ಆ್ಯಕ್ಷನ್' ಸಾಲನ್ನು 'ನನ್' ಮಾಡಬೇಕು. ಆಫೀಸಿನ ಯಂತ್ರವಾದರೆ ತಂಡಕ್ಕೆ ತಿಳಿಸಿಯೇ ಮಾಡಿ.

ಆಟೋಸೇವ್ ಆನ್ ಇಡಿ, ಅದಂತೂ ಬೇಕೇ ಬೇಕು. ಆದರೆ ಮೊದಲು ಈ ಬಟನ್ ಬದಲಿಸಿ. ಆರು ವರ್ಷದ ಮಗುವಿಗೆ ಎಚ್ಚರಿಕೆ ಕಲಿಸುವುದಕ್ಕಿಂತ ಅದು ಸುಲಭ. ಮನೆಯಲ್ಲಿ ಒಂದು ಜಗಳವೂ ಕಡಿಮೆಯಾಗುತ್ತೆ.