ಬಣ್ಣ ಕಾಣದ ಕಣ್ಣು

ಅಮೆರಿಕದಲ್ಲಿ ಒಂದು ಮಾತಿಗೆ ಈಗ ಬಹಳ ಗೌರವವಿದೆ. ನಮಗೆ ಬಣ್ಣ ಕಾಣುವುದಿಲ್ಲ, ಮನುಷ್ಯ ಮಾತ್ರ ಕಾಣುತ್ತಾನೆ. ಕಾನೂನಿಗೂ ಬಣ್ಣ ಕಾಣಬಾರದು, ಕಾಲೇಜಿಗೂ ಕಾಣಬಾರದು. ಕೇಳಲು ಇದಕ್ಕಿಂತ ಚೆಂದದ ಮಾತು ಇನ್ನೊಂದಿಲ್ಲ. ಆದರೆ ಮುನ್ನೂರು ವರ್ಷ ಬಣ್ಣ ನೋಡಿಯೇ ಹಂಚಿದವರು, ಹಂಚಿಕೆ ಮುಗಿದ ಮೇಲೆ ಕಣ್ಣು ಮುಚ್ಚಿಕೊಂಡರೆ ಅದನ್ನು ಸಮಾನತೆ ಎನ್ನಬೇಕೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವ ಗಾದೆ ನಮಗೆ ಗೊತ್ತಿದೆ. ಇಲ್ಲಿ ಬೆಕ್ಕು ಕುಡಿದು ಮುಗಿಸಿದ ಮೇಲೆ ಕಣ್ಣು ಮುಚ್ಚಿದೆ, ಅಷ್ಟೇ ವ್ಯತ್ಯಾಸ.

ಮನೆಯ ಲೆಕ್ಕವನ್ನೇ ತೆಗೆದುಕೊಳ್ಳೋಣ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಜನ ಮನೆ ಕಳೆದುಕೊಳ್ಳುತ್ತಿದ್ದಾಗ ಅಲ್ಲಿನ ಸರಕಾರ ಮನೆಸಾಲಕ್ಕೆಂದು ಒಂದು ನಿಗಮ ಸ್ಥಾಪಿಸಿತು. ಆ ನಿಗಮ ಇನ್ನೂರಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿ, ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು ಬಣ್ಣ ಹಚ್ಚಿಸಿತು. ಕೆಂಪು ಎಂದರೆ ಸಾಲ ಕೊಡಲು ಅಪಾಯದ ಜಾಗ. ಕಪ್ಪು ಜನ ವಾಸವಿದ್ದ ಕೇರಿಗಳಿಗೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಬಿದ್ದದ್ದು ಕೆಂಪು. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಶನ್ ಇನ್ನೂ ಮುಂದೆ ಹೋಯಿತು. ಬ್ಯಾಂಕಿನ ಮನೆಸಾಲಕ್ಕೆ ಸರಕಾರದ ವಿಮೆ ಕೊಡುತ್ತಿದ್ದ ಈ ಇಲಾಖೆ, ಬೇರೆ ಜನಾಂಗದವರಿಗೆ ಮಾರಕೂಡದೆಂಬ ಷರತ್ತು ಕ್ರಯಪತ್ರದಲ್ಲಿದ್ದರೆ ಒಳ್ಳೆಯದೆಂದು ತನ್ನ ಕೈಪಿಡಿಯಲ್ಲೇ ಬರೆದಿಟ್ಟಿತು.

ಎರಡನೇ ಮಹಾಯುದ್ಧದ ನಂತರ ನ್ಯೂಯಾರ್ಕಿನ ಹೊರವಲಯದಲ್ಲಿ ಲೆವಿಟೌನ್ ಎದ್ದಿತು. 17,000ಕ್ಕೂ ಹೆಚ್ಚು ಮನೆಗಳು. ಒಂದಕ್ಕೆ ಸುಮಾರು 8,000 ಡಾಲರ್. ಯುದ್ಧದಿಂದ ಮರಳಿದ ಸೈನಿಕ ಮುಂಗಡವನ್ನೂ ಕೊಡಬೇಕಾಗಿರಲಿಲ್ಲ. ಅದೇ ಯುದ್ಧದಲ್ಲಿ ಕಾದಾಡಿ ಬಂದ ಕಪ್ಪು ಸೈನಿಕನಿಗೆ ಮಾತ್ರ ಅಲ್ಲಿ ಮನೆಯಿರಲಿಲ್ಲ. 1968ರಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಗುಂಡಿಗೆ ಬಲಿಯಾದ ಒಂದು ವಾರಕ್ಕೆ, ಮನೆ ಮಾರಾಟದಲ್ಲಿ ಭೇದ ಮಾಡಬಾರದೆಂಬ ಕಾನೂನು ಬಂತು. ಬಂತು, ಸರಿ. ಅಷ್ಟರಲ್ಲಿ ಆ ಮನೆಗಳ ಬೆಲೆ ಏರಿತ್ತು. ಮಗಳ ಕಾಲೇಜಿಗೆ, ಮಗನ ವ್ಯಾಪಾರಕ್ಕೆ, ಅಪ್ಪನ ಕಾಯಿಲೆಗೆ ಆ ಮನೆಯೇ ಆಧಾರವಾಗಿತ್ತು. ಅಲ್ಲಿನ ಸರಕಾರಿ ಶಾಲೆಗಳ ಹಣದ ದೊಡ್ಡ ಪಾಲು ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಕೆಂಪು ಬಳಿದ ಕೇರಿಯಲ್ಲಿ ಮನೆಗೆ ಬೆಲೆಯಿಲ್ಲ, ಆದ್ದರಿಂದ ತೆರಿಗೆ ಕಡಿಮೆ, ಆದ್ದರಿಂದ ಶಾಲೆಗೆ ದುಡ್ಡಿಲ್ಲ.

ಈ ಸರಪಳಿಯ ಯಾವ ಕೊಂಡಿಯಲ್ಲೂ ಇವತ್ತು ‘ಕಪ್ಪು’ ಎಂಬ ಪದ ಬರೆದಿಲ್ಲ. ಯಾರೂ ಯಾರನ್ನೂ ದ್ವೇಷಿಸಬೇಕಾಗಿಯೂ ಇಲ್ಲ. ಬ್ಯಾಂಕಿನ ಗುಮಾಸ್ತ ದೇವರಂಥ ಮನುಷ್ಯನಿರಬಹುದು. ಅವನು ನಿಯಮ ಪಾಲಿಸಿದರೆ ಸಾಕು, ಉಳಿದದ್ದು ತಾನೇ ನಡೆಯುತ್ತದೆ. ವ್ಯವಸ್ಥೆಯೊಳಗಿನ ವರ್ಣಭೇದ ಎನ್ನುವುದು ಇದಕ್ಕೇ. ಫೆಡರಲ್ ರಿಸರ್ವಿನ 2022ರ ಸಮೀಕ್ಷೆಯಲ್ಲಿ ನಟ್ಟನಡುವಿನ ಬಿಳಿ ಕುಟುಂಬದ ಆಸ್ತಿ 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಈ ಹಿಸಾಬು ಕಾಣದ ಕಣ್ಣಿಗೆ ಬಣ್ಣವೂ ಕಾಣದಿರುವುದು ಸಹಜವೇ.

‘ಬಣ್ಣ ಕಾಣದ ಸಂವಿಧಾನ’ ಎಂದು ಬರೆದವರು ನ್ಯಾಯಮೂರ್ತಿ ಹಾರ್ಲನ್. ರೈಲಿನಲ್ಲಿ ಕಪ್ಪು ಜನರಿಗೆ ಬೇರೆ ಡಬ್ಬಿ ಇಟ್ಟರೆ ತಪ್ಪಿಲ್ಲವೆಂದ 1896ರ ಪ್ಲೆಸಿ ತೀರ್ಪಿಗೆ ಅವರೊಬ್ಬರೇ ಭಿನ್ನಮತ ಬರೆದರು. ಆ ಧೈರ್ಯಕ್ಕೆ ಸಲಾಂ. ಆದರೆ ಅದೇ ಪ್ಯಾರಾದಲ್ಲಿ, ವಿದ್ಯೆ, ಸಂಪತ್ತು, ಅಧಿಕಾರಗಳಲ್ಲಿ ಬಿಳಿಯರೇ ಮೇಲಿದ್ದಾರೆ, ಮುಂದೆಯೂ ಮೇಲಿರುತ್ತಾರೆ ಎಂಬ ಭರವಸೆಯನ್ನೂ ಅವರು ಕೊಟ್ಟಿದ್ದಾರೆ. ಉದ್ಧರಿಸುವವರು ಆ ಸಾಲನ್ನು ಹಾರಿಸಿಬಿಡುತ್ತಾರೆ.

ಕಿಂಗ್ ಅವರಿಗೂ ಇದೇ ಗತಿ. 1963ರ ಭಾಷಣದ ಒಂದೇ ವಾಕ್ಯ ಎಲ್ಲರ ಬಾಯಲ್ಲಿದೆ. ಮರುವರ್ಷದ ಪುಸ್ತಕದಲ್ಲಿ, ಶತಮಾನಗಳ ನಷ್ಟಕ್ಕೆ ವಿಶೇಷ ಪರಿಹಾರ ಬೇಕೇ ಬೇಕೆಂದು ಅವರು ವಾದಿಸಿದ್ದು ಯಾರಿಗೂ ಬೇಡ. ಅಲ್ಲಿ ಅವರು ತಂದ ಉದಾಹರಣೆ ನಮ್ಮದು! 1959ರಲ್ಲಿ ಭಾರತಕ್ಕೆ ಬಂದಾಗ ಅಸ್ಪೃಶ್ಯರಿಗೆ ಕೊಡುವ ಆದ್ಯತೆಯ ಬಗ್ಗೆ ನೆಹರೂ ಅವರಿಂದ ಕೇಳಿ ತಿಳಿದದ್ದನ್ನು ಕಿಂಗ್ ಅಲ್ಲಿ ಬರೆದಿದ್ದಾರೆ. ‘ಅರ್ಹತೆ ಕೆಡುತ್ತದೆ’ ಎಂಬ ಕೂಗಂತೂ ಮೈಸೂರಿನಲ್ಲಿ 1918ರ ಮಿಲ್ಲರ್ ಸಮಿತಿಯ ಕಾಲದಿಂದ ನಾವು ಕೇಳಿದ್ದೇ.

2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಮೊಕದ್ದಮೆಯಲ್ಲಿ, ಕಾಲೇಜು ಪ್ರವೇಶಕ್ಕೆ ಜನಾಂಗವನ್ನು ಪರಿಗಣಿಸುವಂತಿಲ್ಲ ಎಂದಿತು. ಮರುವರ್ಷ ಎಂಐಟಿಗೆ ಸೇರಿದವರಲ್ಲಿ ಕಪ್ಪು ವಿದ್ಯಾರ್ಥಿಗಳು ಶೇ. 5, ಅದಕ್ಕೆ ಮುಂಚಿನ ವರ್ಷಗಳ ಸರಾಸರಿ ಶೇ. 13. ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆಯನ್ನು ತೀರ್ಪು ರದ್ದುಮಾಡಲಿಲ್ಲ. ಸೇನಾ ಅಕಾಡೆಮಿಗಳ ಪ್ರಶ್ನೆಯನ್ನೂ ನಿರ್ಧರಿಸದೆ ಬಿಟ್ಟಿತು.

ಆ ಮೊಕದ್ದಮೆ ನಡೆದದ್ದು ಏಷ್ಯಾ ಮೂಲದ ಮಕ್ಕಳ ಹೆಸರಿನಲ್ಲಿ. ಹಾಗಾಗಿ ನಮ್ಮವರಿಗೂ ಎರಡು ಮಾತು ಹೇಳಬೇಕು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ, ತನಗೆ ಪೌರತ್ವ ಕೊಡಿ ಎಂದು ಅದೇ ಕೋರ್ಟಿನ ಮುಂದೆ ವಾದಿಸಿದ್ದರು. ಕೋರ್ಟು ನಿರಾಕರಿಸಿತು. ನಮ್ಮ ಇಂಜಿನಿಯರು, ಡಾಕ್ಟರುಗಳಿಗೆ ಆ ದೇಶದ ಬಾಗಿಲು ಅಗಲವಾಗಿ ತೆರೆದದ್ದು 1965ರ ವಲಸೆ ಕಾಯಿದೆಯಿಂದ. ಕಪ್ಪು ಜನ ಬೀದಿಗಿಳಿದು ಲಾಠಿ, ನಾಯಿ, ಜೈಲು ಎದುರಿಸಿ ಹುಟ್ಟಿಸಿದ ಗಾಳಿ ಇಲ್ಲದಿದ್ದರೆ ಆ ಕಾಯಿದೆ ಬರುವುದು ಕಷ್ಟವಿತ್ತು. ಆ ಬಾಗಿಲಿನಿಂದ ಒಳಹೋದ ನಮ್ಮ ಬಂಧುಗಳು, ಕನ್ನಡಿಗರೂ ಸೇರಿ, ರಜೆಗೆ ಊರಿಗೆ ಬಂದಾಗ ‘ನಾವು ದುಡಿದು ಮೇಲೆ ಬಂದೆವು, ಅವರೇಕೆ ಬರಲಿಲ್ಲ’ ಎಂದು ಕೇಳುತ್ತಾರೆ. ಅಲ್ಲಿ ಬಣ್ಣವೇ ಇಲ್ಲ ಅನ್ನುತ್ತಾರೆ. ಮನೆ ಕೊಳ್ಳುವಾಗ ಮಾತ್ರ, ಯಾವ ಬಡಾವಣೆಯ ಶಾಲೆ ‘ಒಳ್ಳೆಯದು’ ಎಂದು ಅವರಿಗೆ ಮೊದಲೇ ತಿಳಿದಿರುತ್ತದೆ.