ಮೊಮ್ಮಗಳ ಮೂಗು, ತಾತನ ವ್ಯಾನು

ಮಕ್ಕಳೇ, ಅಡುಗೆ ಗ್ಯಾಸಿಗೆ ಸ್ವಂತ ವಾಸನೆ ಇಲ್ಲವೆಂದರೇ ಸರಿ. ಮೂಗಿಗೆ ಬಡಿಯುವ ಆ ನಾತ ಈಥೈಲ್ ಮರ್ಕ್ಯಾಪ್ಟನ್‌ನದು. ಸೋರಿದರೆ ಗೊತ್ತಾಗಲೆಂದೇ ಬೆರೆಸುತ್ತಾರೆ. 1937ರಲ್ಲಿ ಅಮೆರಿಕದ ಟೆಕ್ಸಾಸ್‌ನ ಶಾಲೆಯೊಂದರಲ್ಲಿ ವಾಸನೆಯಿಲ್ಲದ ಗ್ಯಾಸ್ ಸೋರಿ, ಸಿಡಿದು ಸುಮಾರು 300 ಮಂದಿ ಸತ್ತರು, ಬಹುಪಾಲು ಮಕ್ಕಳೇ. ಆಮೇಲೆ ಅಲ್ಲಿ ಗ್ಯಾಸಿಗೆ ವಾಸನೆ ಬೆರೆಸಲೇಬೇಕೆಂಬ ಕಾನೂನು ಬಂತು.

ಇಂದಿರಾನಗರದ ನಮ್ಮ ಮನೆ ಮುಂದೆ ಹಳೆಯ ವ್ಯಾನೊಂದಿದೆ. ಒಳಗೆ ಹಾಸಿಗೆ, ಪುಟ್ಟ ಗ್ಯಾಸ್ ಒಲೆ. ರಜೆಯಲ್ಲಿ ಅದೇ ನಮ್ಮ ಮನೆ. ಈ ಸಲ ಹೊರಡುವ ಮುನ್ನ ಮೊಮ್ಮಗಳು, "ತಾತ, ಗ್ಯಾಸ್ ವಾಸನೆ!" ಎಂದಳು. ನನಗೇನೂ ತಿಳಿಯಲಿಲ್ಲ, ವಯಸ್ಸಾದಂತೆ ಮೂಗೂ ಮಂದವಾಗುತ್ತದೆ. ಆದರೂ ಎಲ್ಲರನ್ನೂ ಇಳಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ತೆರೆದಿಟ್ಟೆ. ಯಾವ ಸ್ವಿಚ್ಚನ್ನೂ ಮುಟ್ಟಲಿಲ್ಲ. ಚೆನ್ನಾಗಿ ಗಾಳಿಯಾಡಿದ ಮೇಲೆ ಮೆಕ್ಯಾನಿಕ್ ಬಂದು ಗ್ಯಾಸ್ ಪೈಪಿಗೆ ಸೋಪಿನ ನೀರು ಸವರಿದರು. ಒಂದು ಬಿರುಕಿನಲ್ಲಿ ಗುಳ್ಳೆ ಎದ್ದವು. ಪೈಪು ಬದಲಾಯಿತು, ಪೆಟ್ರೋಲ್ ಪೈಪನ್ನೂ ನೋಡಿಸಿದೆ.

ಗ್ಯಾಸೂ ಪೆಟ್ರೋಲ್ ಆವಿಯೂ ಗಾಳಿಗಿಂತ ಭಾರ. ನಾವು ಮಲಗುವ ನೆಲದ ಹತ್ತಿರವೇ ಕೂರುತ್ತವೆ. ವಾಸನೆ ಬಂದರೆ ಮೊದಲು ಇಳಿಯಿರಿ. ಗ್ಯಾಸ್ ಸೋರಿಕೆಯಾದರೆ ದೂರ ಹೋಗಿ 1906ಕ್ಕೆ ಫೋನ್ ಮಾಡಿ. ಅಜ್ಜ-ಅಜ್ಜಿಯರೇ, ನಿಮಗೆ ವಾಸನೆ ಬರದಿದ್ದರೂ ಮಕ್ಕಳ ಮಾತು ನಂಬಿ.