ಕನ್ನಡ ಕಲಿಕೆ: ಆಟಕ್ಕುಂಟು, ಕಥೆಗಿಲ್ಲ

ಬೆಂಗಳೂರಿನಲ್ಲಿ ಭಾಷೆಯ ವಿವಾದ ಭುಗಿಲೆದ್ದಾಗಲೆಲ್ಲ ಚರ್ಚೆ ನಾಮಫಲಕದ ಸುತ್ತಲೇ ಗಿರಕಿ ಹೊಡೆಯುತ್ತದೆ. 2023ರ ಡಿಸೆಂಬರ್‌ನಲ್ಲಿ ನಡೆದ ಪ್ರತಿಭಟನೆಯ ಬೆನ್ನಿಗೇ, ವಾಣಿಜ್ಯ ಸಂಸ್ಥೆಗಳ ಫಲಕದಲ್ಲಿ ಶೇ 60ರಷ್ಟು ಕನ್ನಡವನ್ನು ಕಡ್ಡಾಯಗೊಳಿಸುವ ತಿದ್ದುಪಡಿಯನ್ನು ರಾಜ್ಯ ಸರ್ಕಾರ 2024ರಲ್ಲಿ ತಂದಿತು. ಅನೇಕ ಫಲಕಗಳು ಬದಲಾದವು. ಆದರೆ ಆ ಫಲಕದ ಕೆಳಗೆ ನಿಂತು ವ್ಯವಹರಿಸುವವರ ನಾಲಗೆಯ ಮಾತೇನು? ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ 2022, ಕನ್ನಡೇತರ ನೌಕರರಿಗೆ ಕನ್ನಡ ಕಲಿಸುವ ವ್ಯವಸ್ಥೆಯ ಬಗ್ಗೆಯೂ ಹೇಳುತ್ತದೆ. ಫಲಕಕ್ಕೆ ದೊರೆತ ಪ್ರಚಾರದ ಕಾಲುಭಾಗವೂ ಅದಕ್ಕೆ ದೊರೆಯಲಿಲ್ಲ.

ಕಲಿಯಲು ಮನಸ್ಸಿಲ್ಲದವರ ಮಾತು ಬೇರೆ. ಮನಸ್ಸಿದ್ದೂ ಕಲಿಯಲಾಗದವರ ಸಂಖ್ಯೆ ಸಣ್ಣದಲ್ಲ. ಮೂವತ್ತರ ಆಸುಪಾಸಿನ ಉದ್ಯೋಗಿ ಶಾಲಾ ಬಾಲಕನಂತೆ ಕಾಗುಣಿತ ತಿದ್ದುತ್ತ ಕೂರಲಾರ. ಅವನ ಬಳಿ ಇರುವುದು ಮೆಟ್ರೊ ಪ್ರಯಾಣದ ಅರ್ಧ ಗಂಟೆ ಮತ್ತು ಕೈಯಲ್ಲೊಂದು ಮೊಬೈಲ್. 2024ರಲ್ಲಿ ಬೆಂಗಳೂರಿನ ಆಟೊ ಚಾಲಕರೊಬ್ಬರು ಪ್ರಯಾಣಿಕರಿಗಾಗಿ ತಮ್ಮ ವಾಹನದಲ್ಲಿ ತೂಗುಹಾಕಿದ್ದ ಕನ್ನಡ ವಾಕ್ಯಗಳ ಪಟ್ಟಿ ದೇಶದಾದ್ಯಂತ ಸುದ್ದಿಯಾದದ್ದು ಇದೇ ಕಾರಣಕ್ಕೆ. ಅಂತಹ ಪಟ್ಟಿ ಉಪಯುಕ್ತ, ನಿಸ್ಸಂಶಯ. ಆದರೆ ಪ್ರಶ್ನೆ ಕೇಳುವುದನ್ನು ಅದು ಕಲಿಸುತ್ತದೆಯೇ ಹೊರತು, ಎದುರಿನಿಂದ ಉತ್ತರ ಸರಸರನೆ ಹರಿದು ಬಂದಾಗ ಏನು ಮಾಡಬೇಕೆಂಬುದನ್ನಲ್ಲ.

ಈ ತೆರಪನ್ನು ತುಂಬಲು ಜಗತ್ತಿನ ಬೇರೆಡೆ ಮೊರೆಹೋದದ್ದು ಆಟಕ್ಕೆ. ಅಂಕ, ಹಂತ, ಬಹುಮಾನ, ಒಂದು ದಿನವೂ ತಪ್ಪದಂತೆ ಕಾಯ್ದುಕೊಳ್ಳಬೇಕಾದ ಸರಣಿ ಇವುಗಳ ಮೇಲೆ ಡುಯೊಲಿಂಗೊದಂತಹ ಆ್ಯಪ್‌ಗಳು ನಿಂತಿವೆ. 2019ರ ನವೆಂಬರ್‌ನಲ್ಲಿ ಅದು ಸ್ಕಾಟಿಷ್ ಗೇಲಿಕ್ ಪಾಠ ಆರಂಭಿಸಿದಾಗ, ಕೆಲವೇ ವಾರಗಳಲ್ಲಿ ಕಲಿಯುವವರ ಸಂಖ್ಯೆ ಸ್ಕಾಟ್‌ಲೆಂಡಿನಲ್ಲಿ ಆ ಭಾಷೆ ಆಡುವವರ ಸಂಖ್ಯೆಯನ್ನೇ ಮೀರಿತು. 2011ರ ಜನಗಣತಿಯ ಪ್ರಕಾರ ಆಡುವವರಿದ್ದದ್ದು ಸುಮಾರು 57 ಸಾವಿರ. ಇದೊಂದು ಪವಾಡವೇ ಸರಿ. ಆದರೆ ಪವಾಡದ ಇನ್ನೊಂದು ಮಗ್ಗುಲೂ ಇದೆ. 2022ರ ಜನಗಣತಿಯಲ್ಲಿ ಗೇಲಿಕ್ ಅಷ್ಟಿಷ್ಟು ಬಲ್ಲವರ ಪ್ರಮಾಣ ದೇಶಮಟ್ಟದಲ್ಲಿ ಏರಿದ್ದರೂ, ಆ ಭಾಷೆಯ ತವರಾದ ಪಶ್ಚಿಮ ದ್ವೀಪಗಳಲ್ಲಿ ಅದನ್ನು ಆಡುವವರ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿದಿತ್ತು. ಆಟದಲ್ಲಿ ಗೆದ್ದ ಭಾಷೆ ಅಂಗಳದಲ್ಲಿ ಸೊರಗುತ್ತಿತ್ತು.

ವೆಲ್ಷ್ ಭಾಷೆಯ ಅನುಭವ ಮತ್ತೊಂದು ಬಗೆಯದು. ಇದೇ ಸಂಸ್ಥೆ ತನ್ನ ಜನಪ್ರಿಯ ವೆಲ್ಷ್ ಪಾಠಗಳಿಗೆ ಹೊಸದನ್ನು ಸೇರಿಸುವುದನ್ನು 2023ರಲ್ಲಿ ನಿಲ್ಲಿಸಿತು. ಪಾಠಗಳೇನೋ ಉಳಿದವು, ಬೆಳವಣಿಗೆ ನಿಂತಿತು. ಖಾಸಗಿ ಕಂಪನಿಯ ಲಾಭ ನಷ್ಟದ ಲೆಕ್ಕಕ್ಕೆ ಒಂದು ಭಾಷೆಯ ಕಲಿಕೆಯನ್ನು ಒಪ್ಪಿಸಿದರೆ ಆಗುವುದೇ ಇದು. 2018ರಲ್ಲೇ ಹಿಂದಿಗೆ ಜಾಗ ಕೊಟ್ಟ ಈ ಆ್ಯಪ್ ಕನ್ನಡ ಕಲಿಸುವ ಪಾಠವನ್ನು ಇನ್ನೂ ತಂದಿಲ್ಲ. ಇದನ್ನು ಅನ್ಯಾಯವೆಂದು ಕೂಗುವವರು ವೆಲ್ಷ್ ಕಥೆಯನ್ನೂ ಒಮ್ಮೆ ಗಮನಿಸುವುದು ಒಳಿತು.

ಅಷ್ಟಕ್ಕೂ, ಬರಿಯ ಆಟದಿಂದ ಕನ್ನಡ ಬಂದೀತೇ? ತೊಡಕಿರುವುದು ಇಲ್ಲಿಯೇ. ಆಟಕ್ಕೆ ಬೇಕಿರುವುದು ಸರಿ ಅಥವಾ ತಪ್ಪು ಎಂಬ ಒಂದೇ ಉತ್ತರ. 'ಕಮ್' ಎಂಬ ಇಂಗ್ಲಿಷ್ ಪದಕ್ಕೆ 'ಬಾ' ಎಂದು ಒತ್ತಿದರೆ ಹಸಿರು ದೀಪ ಹತ್ತುತ್ತದೆ, ಅಂಕ ಸಿಗುತ್ತದೆ. ಮರುದಿನ ಅದೇ ಕಲಿಕಾರ್ಥಿ ಅರವತ್ತು ದಾಟಿದ ಹೂವಾಡಗಿತ್ತಿಯನ್ನೋ ಕಾವಲುಗಾರರನ್ನೋ 'ಬಾ ಇಲ್ಲಿ' ಎಂದು ಕರೆದರೆ ಸಿಗುವುದು ಅಂಕವಲ್ಲ, ಕೆಂಗಣ್ಣು. ಬಾ, ಬನ್ನಿ, ಬಾಮ್ಮ, ಬಾರೋ, ಬರ್ತೀರಾ ಇವುಗಳ ನಡುವಿನ ಆಯ್ಕೆ ವ್ಯಾಕರಣದ್ದಲ್ಲ, ಸಂಬಂಧದ್ದು. ಬೆಂಗಳೂರಿನ ಬೀದಿಯ ಎಷ್ಟೋ ಜಗಳಗಳ ಮೂಲ ದುರಹಂಕಾರವೋ ಅಥವಾ ಅರೆಬರೆ ಕಲಿತ ಏಕವಚನವೋ, ಹೇಳುವುದು ಕಷ್ಟ. ಯಾರು ಯಾರಿಗೆ ಯಾವಾಗ ಏನೆನ್ನಬೇಕೆಂಬುದನ್ನು ಪದಪಟ್ಟಿ ತೋರಿಸಲಾರದು. ತೋರಿಸಬಲ್ಲದ್ದು ಕಥೆ.

ಕಾಗಕ್ಕ ಗುಬ್ಬಕ್ಕನ ಕಥೆಯನ್ನೇ ತೆಗೆದುಕೊಳ್ಳಬಹುದು. ಪಾಠಾಂತರಗಳು ಹಲವಿದ್ದರೂ ಹಂದರ ಒಂದೇ. ಮಳೆಗೆ ಮನೆ ಕೊಚ್ಚಿಹೋದ ಕಾಗಕ್ಕ ಬಂದು ಗುಬ್ಬಕ್ಕನ ಬಾಗಿಲು ಬಡಿಯುತ್ತಾಳೆ. ಗುಬ್ಬಕ್ಕ ಒಂದೊಂದು ಸಲ ಒಂದೊಂದು ಕೆಲಸದ ನೆಪ ಹೇಳಿ ಕಾಯಿಸುತ್ತಾಳೆ: ಮಗುವಿಗೆ ನೀರೆರೆಯುತ್ತಿದ್ದೇನೆ, ಉಣಿಸುತ್ತಿದ್ದೇನೆ, ಮಲಗಿಸುತ್ತಿದ್ದೇನೆ. ಕನ್ನಡದ ಮನೆಗಳಲ್ಲಿ ಮಕ್ಕಳು ಸಾವಿರ ಸಲ ಕೇಳಿದ ಈ ಪುನರಾವರ್ತನೆಯಲ್ಲಿ, ವಯಸ್ಕನನ್ನು ತಿಂಗಳುಗಟ್ಟಲೆ ಕಾಡುವ ವ್ಯಾಕರಣ ಅಡಗಿದೆ. ಉಣ್ಣು ಎಂಬುದು ಉಣಿಸು ಆಗುವ, ಮಲಗು ಎಂಬುದು ಮಲಗಿಸು ಆಗುವ ಬಗೆ. ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ಬಗೆ. ಕಾಗೆ ಗುಬ್ಬಿಗಳನ್ನೂ ಅಕ್ಕ ಎನ್ನುವ ಸಮಾಜದ ರೀತಿ. ಸೂತ್ರ ಬಾಯಿಪಾಠ ಮಾಡಿದವನಿಗೆ ಮರೆತೀತು, ಬಾಗಿಲ ಹೊರಗೆ ನೆನೆಯುತ್ತ ನಿಂತ ಕಾಗಕ್ಕ ಮರೆಯುವುದಿಲ್ಲ.

ಇದನ್ನು ಡಿಜಿಟಲ್ ಆಟವಾಗಿಸುವುದು ದೊಡ್ಡ ಸಾಹಸವೇನಲ್ಲ. ಪ್ರತಿ ಸಲ ಬಾಗಿಲು ಬಡಿದಾಗಲೂ ಗುಬ್ಬಕ್ಕನ ಉತ್ತರವನ್ನು ಕಲಿಕಾರ್ಥಿಯೇ ಆಡಬೇಕು. 'ಉಣಿಸುತ್ತಿದ್ದೇನೆ' ಎನ್ನುವ ಬದಲು 'ಉಣ್ಣುತ್ತಿದ್ದೇನೆ' ಎಂದರೆ ಕೆಂಪು ದೀಪ ಬೇಡ. ಪರದೆಯ ಮೇಲೆ ಗುಬ್ಬಕ್ಕ ಮಗುವಿನ ತುತ್ತನ್ನು ತಾನೇ ನುಂಗಿದರೆ ಸಾಕು. ತಪ್ಪು ಎಲ್ಲಿ ಆಯಿತೆಂದು ಯಾರೂ ವಿವರಿಸಬೇಕಾಗಿಲ್ಲ.

ವಯಸ್ಕರಿಗೆ ಮಕ್ಕಳ ಕಥೆಯೇ ಎಂದು ಮೂಗು ಮುರಿಯುವವರೂ ಇರಬಹುದು. ಜನಪದ ಕಥೆಗಳೆಲ್ಲ ಮಕ್ಕಳಿಗಾಗಿ ಹುಟ್ಟಿದವಲ್ಲ. ಎ.ಕೆ. ರಾಮಾನುಜನ್ ಅವರು ಕನ್ನಡನಾಡಿನಲ್ಲಿ ಸಂಗ್ರಹಿಸಿದ, 1997ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಮೌಖಿಕ ಕಥೆಗಳಲ್ಲಿ ಅತ್ತೆ ಸೊಸೆಯರ ಸೆಣಸಾಟವಿದೆ, ದಾಂಪತ್ಯದ ನೋವಿದೆ. ಹೂಮರವಾಗುವ ಹುಡುಗಿಯ ಕಥೆಯನ್ನು ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಎಂಬ ಚಿತ್ರವಾಗಿಸಿದರು. ಅದೂ ಹಿಂದಿಯಲ್ಲಿ! ಕನ್ನಡದ ಕಥೆಗಳು ಅನ್ಯಭಾಷಿಕರನ್ನು ತಲುಪಿವೆ, ಕನ್ನಡವನ್ನು ಮಾತ್ರ ಜತೆಗೆ ಒಯ್ದಿಲ್ಲ.

ಕಥೆ ಮತ್ತು ಆಟ ಒಂದಾದ ಮಾದರಿ ಅಲಾಸ್ಕದಲ್ಲಿದೆ. ಅಲ್ಲಿನ ಕುಕ್ ಇನ್ಲೆಟ್ ಟ್ರೈಬಲ್ ಕೌನ್ಸಿಲ್ ಎಂಬ ಮೂಲನಿವಾಸಿಗಳ ಸಂಸ್ಥೆ, ಇನುಪಿಯಾಕ್ ಜನರ ಕಥೆಯನ್ನಾಧರಿಸಿ 2014ರಲ್ಲಿ 'ನೆವರ್ ಅಲೋನ್' ಎಂಬ ವಿಡಿಯೊ ಗೇಮ್ ಹೊರತಂದಿತು. ಸಮುದಾಯದ ಹಿರಿಯರು, ಕಥೆಗಾರರು ಆರಂಭದಿಂದಲೇ ಪಾಲುದಾರರು. ನಿರೂಪಣೆ ಇನುಪಿಯಾಕ್ ಭಾಷೆಯಲ್ಲೇ. ಹಿಮಗಾಳಿಯ ಮೂಲ ಹುಡುಕಿ ಹೊರಡುವ ಬಾಲಕಿ ಮತ್ತು ನರಿಯ ಜತೆ ಲೋಕದ ಆಟಗಾರರು ನಡೆದರು. ಆದರೆ ಕಿವಿಗೆ ಬಿದ್ದದ್ದು ಇನುಪಿಯಾಕ್, ಕಣ್ಣು ಓದಿದ್ದು ಇಂಗ್ಲಿಷ್ ಅಡಿಬರಹ. ಭಾಷೆ ಅರಿಯದಿದ್ದರೂ ಆಟ ಮುಂದೆ ಸಾಗುತ್ತದೆ. ಸಂಸ್ಕೃತಿಯ ಗೌರವ ಉಳಿಸಿದ ಆ ಆಟ ಭಾಷೆ ಕಲಿಸಲು ಹೊರಟದ್ದಲ್ಲ. ಕನ್ನಡಕ್ಕೆ ಬೇಕಿರುವುದು ಅರ್ಥವಾಗದ ಹೊರತು ಬಾಗಿಲು ತೆರೆಯದ ಆಟ.

ಇದನ್ನು ಮಾಡುವವರು ಯಾರು? ವಯಸ್ಕರಿಗೆ ಭಾಷೆ ಕಲಿಸುವ ವಿದ್ಯೆಗೆ ಕರ್ನಾಟಕದಲ್ಲಿ ಬರವಿಲ್ಲ. 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ, ಅನ್ಯರಾಜ್ಯಗಳ ಶಿಕ್ಷಕರಿಗೆ ಹತ್ತು ತಿಂಗಳ ಅವಧಿಯಲ್ಲಿ ದ್ರಾವಿಡ ಭಾಷೆಗಳನ್ನು ಕಲಿಸಿದ ದಶಕಗಳ ಅನುಭವ ಪಡೆದಿದೆ. ಅದು ವಸತಿ ಸಹಿತ ಪಾಠ. ಮೆಟ್ರೊ ಪ್ರಯಾಣಿಕನಿಗೆ ಎಟುಕುವಂಥದ್ದಲ್ಲ. ಆಟ ಕಟ್ಟುವ ತಂತ್ರಜ್ಞರಂತೂ ಬೆಂಗಳೂರಿನಲ್ಲೇ ಇದ್ದಾರೆ. ಜಾನಪದ ವಿದ್ವಾಂಸರಿಗೆ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಒಂದು ವಿಶ್ವವಿದ್ಯಾಲಯವೇ ಇದೆ. ಈ ಮೂವರನ್ನು ಒಂದು ಮೇಜಿನ ಸುತ್ತ ಕೂರಿಸಲು ಬೇಕಾದದ್ದು ಹೊಸ ಕಾಯ್ದೆಯಲ್ಲ, ಸಾಧಾರಣ ಅನುದಾನ ಮತ್ತು ಪಾಠದ ಒಡೆತನ ಸಾರ್ವಜನಿಕರ ಕೈಯಲ್ಲೇ ಉಳಿಯಬೇಕೆಂಬ ಷರತ್ತು.

ನಿಜವಾದ ಜಗಳ ಹುಟ್ಟುವುದು ಯಾವ ಕನ್ನಡ ಎಂಬಲ್ಲಿ. 'ಮಾಡುತ್ತಿದ್ದೇನೆ' ಎಂದು ಯಾವ ಬೀದಿಯಲ್ಲೂ ಯಾರೂ ಹೇಳುವುದಿಲ್ಲ. ಬೆಂಗಳೂರಿನ 'ಮಾಡ್ತಿದೀನಿ' ಧಾರವಾಡದಲ್ಲಿ 'ಮಾಡಾಕತ್ತೀನಿ'. ಗ್ರಂಥಭಾಷೆ ಕಲಿತು ಮಾರುಕಟ್ಟೆಗೆ ಹೋದವನು ನಗೆಪಾಟಲಿಗೀಡಾಗುತ್ತಾನೆ. ಆಡುಮಾತನ್ನಷ್ಟೇ ಕಲಿತವನಿಗೆ ಬಸ್ಸಿನ ಫಲಕ, ಬ್ಯಾಂಕಿನ ಅರ್ಜಿ ಒಗಟಾಗುತ್ತವೆ. ಕಲಿಕಾರ್ಥಿಯ ನೆರೆಹೊರೆಯ ಆಡುಮಾತಿನಿಂದ ಮೊದಲ ಹಂತ ಆರಂಭಿಸಿ, ಅದೇ ಕಥೆಯನ್ನು ಎರಡನೆಯ ಹಂತದಲ್ಲಿ ಲಿಪಿಯೊಂದಿಗೆ ಬರಹದ ಕನ್ನಡದಲ್ಲಿ ಹೇಳುವುದು ಸುಲಭೋಪಾಯ. ಕಥೆ ಮೊದಲೇ ಗೊತ್ತಿರುವುದರಿಂದ ಅಕ್ಷರಗಳ ಭಯ ಅರ್ಧ ಇಳಿದಿರುತ್ತದೆ. ಹುಬ್ಬಳ್ಳಿಗೆ ವರ್ಗವಾದವರಿಗೆ ಹುಬ್ಬಳ್ಳಿಯ ಕಾಗಕ್ಕ, ಮಂಗಳೂರಿನವರಿಗೆ ಮಂಗಳೂರಿನ ಗುಬ್ಬಕ್ಕ. ಹಾಗೆ ಹೇಳಬಲ್ಲ ಅಜ್ಜಿಯರ ಧ್ವನಿಯನ್ನು, ಅವರ ಒಪ್ಪಿಗೆ ಪಡೆದು, ಸಂಭಾವನೆ ಕೊಟ್ಟು ಮುದ್ರಿಸಿಕೊಳ್ಳುವ ಕೆಲಸ ಮಾತ್ರ ತಡವಾಗುವಂತಿಲ್ಲ.